ಯಾದವಗಿರಿಯ ಎಂಜಿನ್ನಿಗೆ ಒಂದು ವಾಷರ್

ಹಳೇ ಜಾವಾ ಎಂಜಿನ್ ಬಿಚ್ಚಿಕೊಂಡು ಕೂತವರ ಕೆಲಸ ದೊಡ್ಡ ಭಾಗಗಳಿಗಾಗಿ ನಿಲ್ಲುವುದು ಕಡಿಮೆ. ಪಿಸ್ಟನ್ ಸಿಗುತ್ತದೆ, ಕ್ಲಚ್ ಪ್ಲೇಟು ಸಿಗುತ್ತದೆ, ದುಡ್ಡು ಬಿಚ್ಚಿದರೆ ಕನೆಕ್ಟಿಂಗ್ ರಾಡ್ ಕಿಟ್ಟೂ ಸಿಗುತ್ತದೆ. ಕೆಲಸ ನಿಲ್ಲುವುದು ಚಿಲ್ಲರೆ ಸಾಮಾನಿಗೆ. ಪಿಸ್ಟನ್ ಪಿನ್ನು ಜಾರದಂತೆ ಹಿಡಿಯುವ ಸರ್ಕ್ಲಿಪ್ಪು, ಕ್ರ್ಯಾಂಕಿನ ಎರಡು ತುದಿಯ ಆಯಿಲ್ ಸೀಲು, ಶಾಫ್ಟಿನ ತೋಡಿನಲ್ಲಿ ಕೂರುವ ಅರ್ಧಚಂದ್ರದ ಕೀ, ಪೆಟ್ರೋಲ್ ಕಾಕಿನ ರಬ್ಬರ್ ವಾಷರ್, ಸೈಡ್ ಕವರಿನ ಒಂದು ಸ್ಕ್ರೂ. ಇಂಥವನ್ನು ಯಾವ ಅಂಗಡಿಯಲ್ಲೂ ‘ಜಾವಾ’ ಎಂದು ಚೀಟಿ ಅಂಟಿಸಿ ಡಬ್ಬಿಯಲ್ಲಿ ಇಟ್ಟಿರುವುದಿಲ್ಲ. ಆದರೆ ಟ್ಯಾಂಕಿಗೆ ಮರೂನ್ ಬಣ್ಣ ಹೊಡೆಸಿ, ಕ್ರೋಮ್ ಮಾಡಿಸಿ, ಊರೆಲ್ಲ ನೋಡುವಂತೆ ಮೆರವಣಿಗೆ ಹೋಗಿಬಂದ ಗಾಡಿ ತಿಂಗಳೊಪ್ಪತ್ತಿನಲ್ಲಿ ಮತ್ತೆ ಶೆಡ್ಡು ಸೇರಿತು ಎಂದರೆ, ಹತ್ತರಲ್ಲಿ ಒಂಬತ್ತು ಸಲ ಕಾರಣ ಇವುಗಳಲ್ಲೇ ಒಂದಾಗಿರುತ್ತದೆ.

ಮೈಸೂರಿನವರಿಗೆ ಈ ಎಂಜಿನ್ ಪರದೇಶದ್ದಲ್ಲ. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ 1960ರಲ್ಲಿ ಕಟ್ಟಿದ ಐಡಿಯಲ್ ಜಾವಾ ಕಂಪನಿ ಜೆಕೊಸ್ಲೊವಾಕಿಯಾದ ಪರವಾನಗಿ ಪಡೆದು ಯಾದವಗಿರಿಯಲ್ಲಿ ಬೈಕು ತಯಾರಿಸತೊಡಗಿತು. 1961ರಲ್ಲಿ ಕಾರ್ಖಾನೆ ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1973ರ ಹೊತ್ತಿಗೆ ಟ್ಯಾಂಕಿನ ಮೇಲೆ ಜಾವಾ ಹೋಗಿ ಯೆಜ್ಡಿ ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು, ಎಂಬತ್ತರ ದಶಕದಲ್ಲಿ ಜಪಾನಿ ತಂತ್ರಜ್ಞಾನದ ನೂರು ಸಿ.ಸಿ. ಬೈಕುಗಳು ಬಂದು ಪೈಪೋಟಿ ಕೊಟ್ಟವು, ಹೊಗೆ ನಿಯಮಗಳು ಬಿಗಿಯಾದವು, 1996ರಲ್ಲಿ ತಯಾರಿಕೆ ನಿಂತಿತು. ಅಂದಿನಿಂದ ಕಂಪನಿ ಸ್ಪೇರ್ಸ್ ಎನ್ನುವುದು ಇಲ್ಲ. ಇರುವುದು ಯಾರದೋ ಗೋಡೌನಿನಲ್ಲಿ ಉಳಿದ ಹಳೇ ಸ್ಟಾಕು, ನಕಲಿ ಮಾಲು, ಗುಜರಿ ಮತ್ತು ಲೇತು.

2018ರ ನವೆಂಬರ್‌ನಲ್ಲಿ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಹೆಸರನ್ನು ಮತ್ತೆ ರಸ್ತೆಗೆ ತಂದಾಗ ಇನ್ನು ಸ್ಪೇರ್ಸ್ ಸುಲಭವಾಗಿ ಸಿಗಬಹುದು ಎಂದುಕೊಂಡವರಿದ್ದರು. ಆ ಗಾಡಿ ಪೀತಂಪುರದಲ್ಲಿ ತಯಾರಾದ 293 ಸಿ.ಸಿ.ಯ ನಾಲ್ಕು ಸ್ಟ್ರೋಕಿನದು, ನೀರಿನಿಂದ ತಣಿಯುವಂಥದ್ದು. ಹಳೆಯದು ಎರಡು ಸ್ಟ್ರೋಕಿನ 248.5 ಸಿ.ಸಿ., ಸಿಲಿಂಡರಿನ ಬೋರ್ 65 ಮಿಲಿಮೀಟರ್, ಸ್ಟ್ರೋಕು 75. ಹೆಸರೊಂದು ಬಿಟ್ಟರೆ ಒಳಗೆ ಕೊಡುಕೊಳ್ಳುವುದಕ್ಕೆ ಏನೂ ಇಲ್ಲ. ಈಗ ಕೌಂಟರಿನಲ್ಲಿ ಜಾವಾದ್ದು ಎಂದ ಕೂಡಲೇ ‘ಹೊಸದಾ ಹಳೇದಾ ಸಾರ್’ ಎಂಬ ಮರುಪ್ರಶ್ನೆ ಬರುತ್ತದೆ, ಅಷ್ಟೇ.

ಆ ಮರುಪ್ರಶ್ನೆಗೆ ಗಾಡಿಯ ಹೆಸರು ಹೇಳುತ್ತಾ ನಿಲ್ಲಬಾರದು ಎನ್ನುವುದೇ ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮಾತು. ಗಾಡಿ ಹೆಸರಿಗೆ ಸಾಮಾನು ಸಿಗುವ ಕಾಲ ಮುಗಿದು ಮೂರು ದಶಕವಾಗುತ್ತಾ ಬಂತು. ಅಳತೆಗೆ ಸಾಮಾನು ಇವತ್ತೂ ಸಿಗುತ್ತದೆ, ಅದೂ ಈ ಊರಿನಲ್ಲೇ.

ಥ್ರೆಡ್ಡಿನಿಂದಲೇ ಶುರು ಮಾಡೋಣ, ಹೆಚ್ಚು ಹಾಳಾಗಿರುವುದು ಅದೇ. ಜೆಕ್ ವಿನ್ಯಾಸವಾದ್ದರಿಂದ ಜಾವಾ ಎಂಜಿನ್ ಹುಟ್ಟಿನಿಂದಲೇ ಮೆಟ್ರಿಕ್. ಸೈಡ್ ಕವರಿನ ಸ್ಕ್ರೂ ಆರು ಎಂ.ಎಂ., ಭಾರ ಹೊರುವ ಬೋಲ್ಟುಗಳು ಎಂಟು, ಹತ್ತು. ಈ ಗಾಡಿ ಮೈಸೂರಿಗೆ ಬಂದ ಕಾಲ ನೋಡಿ. ದಶಮಾನ ಪದ್ಧತಿಯ ಅಳತೆ ತೂಕದ ಕಾಯ್ದೆ ದೇಶದಲ್ಲಿ ಬಂದದ್ದು 1956ರಲ್ಲಿ. ಕಾಯ್ದೆ ಬಂತೆಂದು ನಟ್ಟು ಬೋಲ್ಟಿನ ಅಂಗಡಿಯ ಡಬ್ಬಿಗಳು ಒಂದೇ ದಿನಕ್ಕೆ ಬದಲಾಗಲಿಲ್ಲ. ಇಂಚಿನ ಮಾಲು ಎಷ್ಟೋ ವರ್ಷ ಹಾಗೇ ನಡೆಯಿತು, ಇವತ್ತಿಗೂ ಎರಡು ಸೂತು, ಎರಡೂವರೆ ಸೂತು ಎಂದು ಕೇಳುವವರಿದ್ದಾರೆ. ರಿಪೇರಿ ಶೆಡ್ಡಿನಲ್ಲಿ ಜಾವಾದ ಪಕ್ಕದಲ್ಲೇ ಮದ್ರಾಸಿನ ಬುಲೆಟ್ ನಿಂತಿರುತ್ತಿತ್ತು. ಅದು ಬ್ರಿಟಿಷ್ ಮನೆತನದ್ದು, ಇಂಚಿನ ಥ್ರೆಡ್ಡು. ಎರಡೂ ಗಾಡಿಯ ಬೋಲ್ಟುಗಳನ್ನು ಒಂದೇ ಸೀಮೆಎಣ್ಣೆ ತಟ್ಟೆಯಲ್ಲಿ ತೊಳೆದು, ಕೈಗೆ ಸಿಕ್ಕಿದ್ದನ್ನು ಎತ್ತಿ ಹಾಕಿದರೆ ಏನಾಗಬೇಕೋ ಅದು ಆಗಿದೆ.

ಕಾಲಿಂಚಿನ ಬೋಲ್ಟು 6.35 ಮಿಲಿಮೀಟರ್ ದಪ್ಪ, ಆರು ಎಂ.ಎಂ. ರಂಧ್ರಕ್ಕೆ ಅದು ದಪ್ಪವಾಯಿತು ಎಂದು ಬೆರಳಿಗೇ ತಿಳಿಯುತ್ತದೆ. ಮೋಸ ಹೋಗುವುದು ಅದರ ಮುಂದಿನ ಅಳತೆಯಲ್ಲಿ. ಐದು ಹದಿನಾರಾಂಶ ಇಂಚು ಎಂದರೆ 7.94 ಮಿಲಿಮೀಟರ್, ಎಂಟು ಎಂ.ಎಂ.ಗಿಂತ ಕೂದಲೆಳೆಯಷ್ಟು ಸಣ್ಣ. ರಂಧ್ರಕ್ಕೆ ಇಟ್ಟರೆ ಸರಾಗವಾಗಿ ಹೊಕ್ಕು ಎರಡು ಮೂರು ಸುತ್ತು ತಿರುಗುತ್ತದೆ. ಆದರೆ ಎಂಟು ಎಂ.ಎಂ. ಬೋಲ್ಟಿನಲ್ಲಿ ಒಂದು ಹಲ್ಲಿಗೂ ಇನ್ನೊಂದಕ್ಕೂ ನಡುವೆ 1.25 ಮಿಲಿಮೀಟರ್ ಅಂತರ. ಬ್ರಿಟಿಷ್ ಫೈನ್ ಥ್ರೆಡ್ಡಿನಲ್ಲಿ ಇಂಚಿಗೆ 22 ಹಲ್ಲು, ಅಂದರೆ ಹಲ್ಲಿಗೆ ಹಲ್ಲಿಗೆ ಸುಮಾರು 1.15. ಹಲ್ಲಿನ ಕೋನವೂ ಬೇರೆ: ಮೆಟ್ರಿಕ್ಕಿನಲ್ಲಿ 60 ಡಿಗ್ರಿ, ಹಳೇ ಬ್ರಿಟಿಷ್ ಥ್ರೆಡ್ಡಿನಲ್ಲಿ 55. ನಾಲ್ಕನೇ ಸುತ್ತಿಗೆ ಬಿಗಿಯಾದಾಗ ‘ಹ್ಞಾ, ಕೂತಿತು’ ಎಂದು ಸ್ಪ್ಯಾನರ್ ಹಾಕಿ ಎಳೆದರೆ, ಉಕ್ಕಿನ ಬೋಲ್ಟು ಅಲ್ಯೂಮಿನಿಯಮ್ ಕೇಸಿನ ಹಲ್ಲುಗಳನ್ನು ಕೆರೆದು ಬೆಳ್ಳಗಿನ ತುರಿಯಾಗಿ ಹೊರಗೆ ತರುತ್ತದೆ. ಅರವತ್ತು ವರ್ಷದ ಕೇಸಿಗೆ ಅಷ್ಟು ಸಾಕು.

ಈ ತಪ್ಪು ತಡೆಯಲು ಬೇಕಾದ ಉಪಕರಣ ಜೇಬಿನಲ್ಲಿ ಹಿಡಿಸುತ್ತದೆ. ಪಿಚ್ ಗೇಜ್ ಎಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ ಹಲ್ಲಿನ ತಗಡುಗಳ ಕಟ್ಟು. ಬೋಲ್ಟಿನ ಮೇಲೆ ತಗಡು ಇಟ್ಟು ಬೆಳಕಿಗೆ ಹಿಡಿದರೆ, ನಡುವೆ ಬೆಳಕು ಸೋರದ ತಗಡಿನ ಮೇಲಿರುವ ಅಂಕಿಯೇ ಆ ಬೋಲ್ಟಿನ ಪಿಚ್ಚು. ಅದರ ಜೊತೆ ಒಂದು ವರ್ನಿಯರ್ ಕ್ಯಾಲಿಪರ್. ಇವೆರಡು ಇಲ್ಲದೆ ಹಳೇ ಎಂಜಿನ್ನಿಗೆ ಕೈ ಹಾಕುವುದು ಬೇಡ ಎಂದು ನಾನು ಸ್ನೇಹಿತರಿಗೆಲ್ಲ ಹೇಳುತ್ತೇನೆ.

ಥ್ರೆಡ್ ಹೋದ ಕೇಸನ್ನು ಎಸೆಯಬೇಕಿಲ್ಲ. ಹೆಬ್ಬಾಳು, ಮೇಟಗಳ್ಳಿ, ಬೆಳಗೊಳದ ಕೈಗಾರಿಕಾ ಪ್ರದೇಶಗಳಲ್ಲಿ ಲೇತು, ಮಿಲ್ಲಿಂಗ್ ಮಷಿನ್ ಇಟ್ಟುಕೊಂಡ ಸಣ್ಣ ವರ್ಕ್‌ಶಾಪುಗಳಿವೆ. ರಂಧ್ರವನ್ನು ದೊಡ್ಡದು ಮಾಡಿ, ಒಳಗೂ ಹೊರಗೂ ಥ್ರೆಡ್ ಇರುವ ಬುಷ್ ಕೂರಿಸುವುದು ಅಲ್ಲಿಯ ಹಳೇ ಪದ್ಧತಿ. ಉಕ್ಕಿನ ತಂತಿಯ ಸುರುಳಿ ಕೂರಿಸುವ ಹೆಲಿಕಾಯಿಲ್ ಇನ್ನೊಂದು ದಾರಿ. ಸುತ್ತಲಿನ ಲೋಹವೇ ಬಿರುಕು ಬಿಟ್ಟಿದ್ದರೆ ಆರ್ಗನ್ ವೆಲ್ಡಿಂಗ್ ಮಾಡಿಸಿ ಮತ್ತೆ ಡ್ರಿಲ್ ಹೊಡೆಸಬೇಕು. ನನಗೆ ಇಷ್ಟವಾಗದ ನಾಲ್ಕನೆಯ ದಾರಿಯೊಂದಿದೆ: ಆರರ ರಂಧ್ರವನ್ನು ಏಳೋ ಎಂಟೋ ಮಾಡಿ ದಪ್ಪ ಬೋಲ್ಟು ಜಡಿಯುವುದು. ಕವರಿನ ಅಂಚಿನಲ್ಲಿ ಇರುವ ಲೋಹವೇ ನಾಲ್ಕಾರು ಮಿಲಿಮೀಟರ್. ಅದನ್ನೂ ಕೊರೆದು ಹಾಕಿದರೆ ಮುಂದಿನವನಿಗೆ ರಿಪೇರಿ ಮಾಡಲು ಜಾಗವೇ ಉಳಿಯುವುದಿಲ್ಲ.

ಬೋಲ್ಟಿನ ಗಟ್ಟಿತನವೂ ಅಷ್ಟೇ ಮುಖ್ಯ. ತಲೆಯ ಮೇಲೆ 8.8 ಎಂದು ಅಚ್ಚೊತ್ತಿದ್ದರೆ ಅದು ಒಂದು ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತ ತಡೆಯುವ ಉಕ್ಕು, ಅದರ ಶೇ 80ರವರೆಗೆ ಎಳೆದರೂ ಮತ್ತೆ ಮೂಲ ಅಳತೆಗೆ ಮರಳುತ್ತದೆ ಎಂದರ್ಥ. ಗುರುತೇ ಇಲ್ಲದ ಮೃದು ಉಕ್ಕಿನ ಬೋಲ್ಟು ಗೇಟಿಗೆ, ಬೆಂಚಿಗೆ ಸರಿ. ಎಂಜಿನ್ ಮೌಂಟಿಂಗಿಗೆ ಹಾಕಿದರೆ ಕಂಪನಕ್ಕೆ ನಿಧಾನವಾಗಿ ಹಿಗ್ಗಿ ಸಡಿಲವಾಗುತ್ತದೆ. ಹೊಳೆಯುತ್ತದೆ, ತುಕ್ಕು ಹಿಡಿಯುವುದಿಲ್ಲ ಎಂದು ಎಲ್ಲೆಡೆ ಸ್ಟೇನ್‌ಲೆಸ್ ಸ್ಟೀಲ್ ಹಾಕಿಸುವ ಹುಚ್ಚು ಈಚೆಗೆ ಹೆಚ್ಚಾಗಿದೆ. ಅಲ್ಯೂಮಿನಿಯಮ್ಮಿಗೂ ಸ್ಟೇನ್‌ಲೆಸ್ಸಿಗೂ ನಡುವೆ ತೇವ ಸೇರಿದರೆ ಕೊರೆತ ಶುರುವಾಗುವುದು ಅಲ್ಯೂಮಿನಿಯಮ್ಮಿನಲ್ಲಿ, ಅಂದರೆ ಸಿಗದ ಕೇಸಿನಲ್ಲಿ. ಹಾಕಲೇಬೇಕೆಂದರೆ ಥ್ರೆಡ್ಡಿಗೆ ಆಂಟಿ ಸೀಜ್ ಗ್ರೀಸ್ ಹಚ್ಚಿ ಹಾಕಬೇಕು. ಸೈಡ್ ಕವರಿಗೆ ಮೂಲದಲ್ಲಿದ್ದದ್ದು ಒಂದೇ ಗೀಟಿನ ಚಪ್ಪಟೆ ಸ್ಕ್ರೂ. ಅದನ್ನು ಬಿಚ್ಚುವಾಗ ಸ್ಕ್ರೂಡ್ರೈವರ್ ಜಾರಿ ತಲೆ ಕಿತ್ತುಹೋಗುತ್ತದೆಂದು ಬಹಳ ಜನ ಅಲೆನ್ ಬೋಲ್ಟಿಗೆ ಬದಲಾಗಿದ್ದಾರೆ. ದಿನಾ ಓಡಿಸುವ ಗಾಡಿಗೆ ಅದರಲ್ಲಿ ತಪ್ಪೇನೂ ಇಲ್ಲ. ಹುಟ್ಟಿದ ಹಾಗೇ ಇರಬೇಕು ಎನ್ನುವವರು ಹಳೇ ಸ್ಕ್ರೂಗಳನ್ನೇ ತೊಳೆದು ಜಿಂಕ್ ಪ್ಲೇಟಿಂಗ್ ಮಾಡಿಸಿ ಹಾಕುತ್ತಾರೆ. ಬಿಚ್ಚುವುದಕ್ಕೆ ಸುತ್ತಿಗೆಯಿಂದ ಹೊಡೆದರೆ ತಾನೇ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಇಟ್ಟುಕೊಂಡರೆ ಅರ್ಧ ಸಂಕಟ ಕಡಿಮೆಯಾಗುತ್ತದೆ.

ಇನ್ನು ಬೇರಿಂಗ್ ಅಂಗಡಿ. ಅಲ್ಲಿಯ ಮಾತುಕತೆ ಹೀಗೆ ನಡೆಯುತ್ತದೆ:

‘ಅಣ್ಣ, ಯೆಜ್ಡಿ ಗೇರ್ ಬಾಕ್ಸ್ ಬೇರಿಂಗ್ ಇದೆಯಾ?’

‘ಅದೆಲ್ಲ ಎಲ್ಲಿ ಬರುತ್ತೆ ಸಾರ್ ಈಗ. ನಿಂತು ಎಷ್ಟು ವರ್ಷ ಆಯ್ತು.’

‘6204 ಇದೆಯಾ?’

‘ಯಾವ ಕಂಪನಿದು ಕೊಡ್ಲಿ?’

ಬೇರಿಂಗಿನ ಪಕ್ಕೆಯಲ್ಲಿ ಕೊರೆದ ಸಂಖ್ಯೆಗೆ ಜಗತ್ತಿನೆಲ್ಲೆಡೆ ಒಂದೇ ಅರ್ಥ. ಕೊನೆಯ ಎರಡು ಅಂಕಿ 04 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದನ್ನು ಐದರಿಂದ ಗುಣಿಸಿದರೆ ಒಳವ್ಯಾಸ ಬರುತ್ತದೆ. 6204 ಎಂದರೆ ಒಳಗೆ 20, ಹೊರಗೆ 47, ದಪ್ಪ 14 ಮಿಲಿಮೀಟರ್. 6205 ಎಂದರೆ 25, 52, 15. ಅದೇ 25ರ ಶಾಫ್ಟಿಗೆ ಭಾರ ಹೆಚ್ಚಿದ್ದರೆ 6305: ಹೊರಗೆ 62, ದಪ್ಪ 17. ಈ ಸಂಖ್ಯೆಯ ಬೇರಿಂಗ್ ನೀರಿನ ಪಂಪಿಗೂ ಬರುತ್ತದೆ, ಹಿಟ್ಟಿನ ಗಿರಣಿಗೂ ಬರುತ್ತದೆ, ಹಾಗಾಗಿ ಯಾವ ಊರಿನಲ್ಲಾದರೂ ಸಿಗುತ್ತದೆ. ನೋಡಿಕೊಳ್ಳಬೇಕಾದ ಒಂದು ಸೂಕ್ಷ್ಮ ಸಂಖ್ಯೆಯ ಬಾಲದಲ್ಲಿದೆ. ಕ್ರ್ಯಾಂಕಿನ ಬೇರಿಂಗಿಗೆ ಸಿ3 ಎಂಬ ಗುರುತು ಇರಬೇಕು. ಎಂಜಿನ್ ಬಿಸಿಯಾಗಿ ಒಳಸುತ್ತು ಹಿಗ್ಗಿದಾಗ ಗೋಲಿಗಳು ಹಿಡಿದುಕೊಳ್ಳದಂತೆ ಸ್ವಲ್ಪ ಹೆಚ್ಚು ಸಡಿಲ ಕೊಟ್ಟ ಬೇರಿಂಗ್ ಅದು. ಪಂಪಿನ ಬೇರಿಂಗನ್ನು ಹಾಗೇ ತಂದು ಕ್ರ್ಯಾಂಕಿಗೆ ಹಾಕಿದರೆ ಅಂಗಳದಲ್ಲಿ ಚೆನ್ನಾಗಿ ತಿರುಗುತ್ತದೆ, ಚಾಮುಂಡಿ ಬೆಟ್ಟ ಹತ್ತುವಾಗ ಗೊರಗೊರ ಶುರುವಾಗುತ್ತದೆ. ಜೊತೆಗೆ, ದುಬಾರಿ ಕಂಪನಿಯ ಡಬ್ಬಿಯಲ್ಲಿ ಅಗ್ಗದ ಮಾಲು ಬರುವುದು ಬೇರಿಂಗ್ ವ್ಯಾಪಾರದಲ್ಲಿ ಎಲ್ಲರಿಗೂ ಗೊತ್ತಿರುವ ಕಾಟ. ಬಿಲ್ ಕೊಡುವ ಅಧಿಕೃತ ಡೀಲರ್ ಹತ್ತಿರವೇ ಕೊಳ್ಳುವುದು ಒಳ್ಳೆಯದು.

ಆಯಿಲ್ ಸೀಲಿನ ವಿಷಯಕ್ಕೆ ಬಂದರೆ ನನಗೆ ಮಾತು ಬೇಗ ಮುಗಿಯುವುದಿಲ್ಲ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ ಕೇಸೇ ಪಂಪು. ಪಿಸ್ಟನ್ ಮೇಲೇರಿದಾಗ ಕೆಳಗೆ ನಿರ್ವಾತವಾಗಿ ಕಾರ್ಬುರೇಟರಿನಿಂದ ಪೆಟ್ರೋಲು, ಗಾಳಿ, ಟೂ ಟಿ ಆಯಿಲ್ ಬೆರೆತ ಆವಿ ಒಳಗೆ ಬರುತ್ತದೆ. ಪಿಸ್ಟನ್ ಕೆಳಗಿಳಿದಾಗ ಅದೇ ಆವಿ ಒತ್ತಡಕ್ಕೆ ಸಿಕ್ಕಿ ಸಿಲಿಂಡರಿಗೆ ಹಾಯುತ್ತದೆ. ಈ ಪಂಪಿನ ಗಾಳಿ ಹಿಡಿಯುವುದು ಕ್ರ್ಯಾಂಕಿನ ಎರಡು ಬದಿಯ ರಬ್ಬರ್ ತುಟಿಗಳು. ಜಾವಾದಲ್ಲಿ ಎಡಬದಿಗೆ ಪ್ರೈಮರಿ ಚೈನೂ ಗೇರ್ ಆಯಿಲ್ಲೂ ಇವೆ. ಆ ಬದಿಯ ಸೀಲು ಸವೆದರೆ ಎಂಜಿನ್ ಗೇರ್ ಆಯಿಲ್ಲನ್ನೇ ಎಳೆದುಕೊಂಡು ಸುಡುತ್ತದೆ: ಎರಡು ಸೈಲೆನ್ಸರಿನಲ್ಲೂ ದಟ್ಟ ಹೊಗೆ, ಗೇರ್ ಬಾಕ್ಸಿನಲ್ಲಿ ಆಯಿಲ್ ಮಾಯ. ಇದನ್ನು ರಿಂಗು ಹೋಗಿದೆ ಎಂದು ತಿಳಿದು ಬೋರ್ ಮಾಡಿಸಿಕೊಂಡು ಬಂದವರನ್ನು ನೋಡಿದ್ದೇನೆ. ಬೋರ್ ಆದಮೇಲೂ ಹೊಗೆ ಹಾಗೇ ಇತ್ತು. ಬಲಬದಿಗೆ ಡೈನಮೋ ಇದೆ, ಅಲ್ಲಿ ಎಳೆದುಕೊಳ್ಳಲು ಆಯಿಲ್ ಇಲ್ಲ, ಗಾಳಿ ಮಾತ್ರ. ಆ ಸೀಲು ಹೋದರೆ ಹೊಗೆ ಬರುವುದಿಲ್ಲ, ಗಾಡಿ ಮೊದಲಿಗಿಂತ ಚುರುಕಾದಂತೆಯೇ ಕಾಣುತ್ತದೆ, ಆಕ್ಸಿಲೇಟರ್ ಬಿಟ್ಟರೂ ಆರ್‌ಪಿಎಂ ಇಳಿಯುವುದಿಲ್ಲ. ಗಾಳಿ ಹೆಚ್ಚಾಗಿ ಪೆಟ್ರೋಲಿನ ಜೊತೆ ಬರಬೇಕಾದ ಆಯಿಲ್ಲೂ ಕಡಿಮೆಯಾಗಿ, ನಂಜನಗೂಡಿನ ದಾರಿಯಲ್ಲೋ ಶ್ರೀರಂಗಪಟ್ಟಣದ ಹತ್ತಿರವೋ ಪಿಸ್ಟನ್ ಸೀಜ್ ಆಗಿ ಹಿಂದಿನ ಚಕ್ರ ಹಿಡಿದುಕೊಳ್ಳುತ್ತದೆ. ಎರಡನೆಯದು ಸವಾರನ ಜೀವಕ್ಕೆ ಅಪಾಯ.

ಸೀಲು ಕೊಳ್ಳುವುದಕ್ಕೆ ಬೇಕಾದ್ದು ಮೂರೇ ಸಂಖ್ಯೆ: ಒಳಗೆ ಎಷ್ಟು, ಹೊರಗೆ ಎಷ್ಟು, ದಪ್ಪ ಎಷ್ಟು. ಒಳ್ಳೆಯ ತಯಾರಕರು ಇದನ್ನು ಸೀಲಿನ ಮುಖದ ಮೇಲೇ ಬರೆದಿರುತ್ತಾರೆ. ರಬ್ಬರಿನ ಜಾತಿ ಕೇಳಲು ಮಾತ್ರ ಮರೆಯಬಾರದು. ಸಾಮಾನ್ಯ ನೈಟ್ರೈಲ್ ಕಪ್ಪು ಸೀಲಿಗಿಂತ ವೈಟಾನ್ ಎಂಬ ಜಾತಿ ಶಾಖವನ್ನೂ ಪೆಟ್ರೋಲನ್ನೂ ಹೆಚ್ಚು ತಡೆಯುತ್ತದೆ, ಬೆಲೆಯೂ ಹೆಚ್ಚು. ಕ್ರ್ಯಾಂಕಿಗೆ ಅದನ್ನೇ ಹಾಕಿಸಿ. ಹೊಸ ಸೀಲು ಕೂರಿಸುವ ಮುಂಚೆ ಶಾಫ್ಟಿನ ಮೇಲೆ ಉಗುರು ಆಡಿಸಿ ನೋಡಬೇಕು. ಹಳೇ ತುಟಿ ದಶಕಗಟ್ಟಲೆ ಉಜ್ಜಿದ ಜಾಗದಲ್ಲಿ ಸಣ್ಣ ಕಾಲುವೆ ಬಿದ್ದಿರುತ್ತದೆ, ಉಗುರು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗಿದ್ದಲ್ಲಿ ಜಾಗ ಇದ್ದರೆ ಸೀಲನ್ನು ಒಂದು ಮಿಲಿಮೀಟರ್ ಆಚೆಗೋ ಈಚೆಗೋ ಕೂರಿಸಿ ತುಟಿ ಹೊಸ ಜಾಗದಲ್ಲಿ ಓಡುವಂತೆ ಮಾಡುವುದು ಹಳೇ ಮೇಸ್ತ್ರಿಗಳ ಉಪಾಯ. ಜಾಗ ಇಲ್ಲದಿದ್ದರೆ ಶಾಫ್ಟಿಗೆ ಹಾರ್ಡ್ ಕ್ರೋಮ್ ಮಾಡಿಸಿ ಗ್ರೈಂಡ್ ಮಾಡಿಸಬೇಕು.

ಸರ್ಕ್ಲಿಪ್ಪು ಇದಕ್ಕಿಂತ ಚಿಕ್ಕದು, ಇದಕ್ಕಿಂತ ಕಟುಕ. ಪಿಸ್ಟನ್ ಪಿನ್ನಿನ ಎರಡು ತುದಿಗೆ ಕೂರುವ ಸ್ಪ್ರಿಂಗ್ ತಂತಿಯ ಉಂಗುರ ಅದು. ಒಮ್ಮೆ ಬಿಚ್ಚಿದ ಮೇಲೆ ಅದರ ಬಿಗಿ ಸಡಿಲವಾಗಿರುತ್ತದೆ, ಹಾಗಾಗಿ ಮತ್ತೆ ಹಾಕಬಾರದು. ಅಂಗಡಿಯಲ್ಲಿ ಸಿಗಲಿಲ್ಲವೆಂದು ಹಳೆಯದನ್ನೇ ಹಾಕಿ, ಅದು ಓಡುವಾಗ ಹೊರಬಂದರೆ, ಸಿಲಿಂಡರಿನ ಗೋಡೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಗೀರು ಬೀಳುತ್ತದೆ. ಗೀರು ತೆಗೆಯಲು ಬೋರ್ ಮಾಡಿಸಬೇಕು. 65 ಮಿಲಿಮೀಟರಿನ ಬೋರು ಸಾಮಾನ್ಯವಾಗಿ ಕಾಲು ಕಾಲು ಮಿಲಿಮೀಟರಿನ ಮೆಟ್ಟಿಲಿನಲ್ಲಿ 66ರವರೆಗೆ ಹೋಗುತ್ತದೆ, ಪ್ರತಿ ಮೆಟ್ಟಿಲಿಗೂ ಒಂದು ಓವರ್‌ಸೈಜ್ ಪಿಸ್ಟನ್. ಆಳವಾದ ಗೀರು ಒಂದೇ ಸಲಕ್ಕೆ ಎರಡು ಮೆಟ್ಟಿಲು ನುಂಗುತ್ತದೆ. ಮೆಟ್ಟಿಲೆಲ್ಲ ಮುಗಿದ ಮೇಲೆ ಸ್ಲೀವ್ ಹಾಕಿಸದೆ ಗತಿಯಿಲ್ಲ. ಇದು ಗೊತ್ತಿದ್ದೂ ಕ್ಲಿಪ್ಪಿನ ತಂತಿ ಎಷ್ಟು ದಪ್ಪ, ಪಿಸ್ಟನ್ನಿನ ತೋಡು ಎಷ್ಟು ಅಗಲ ಎಂದು ಅಳೆಯದೆ ಯಾವುದೋ ಸ್ಕೂಟರಿನ ಕ್ಲಿಪ್ಪು ಒತ್ತಿ ಕೂರಿಸುವವರಿದ್ದಾರೆ. ‘ಕೂತ್ಕೊಳ್ತು ಸಾರ್’ ಎಂಬ ಮಾತನ್ನು ಎಂಜಿನ್ ಕೆಲಸದಲ್ಲಿ ನಾನು ನಂಬುವುದಿಲ್ಲ. ಕ್ಲಿಪ್ಪನ್ನು ತೋಡಿನೊಳಗೆ ತಿರುಗಿಸಿದರೆ ಬಿಗಿಯಾಗಿ ತಿರುಗಬೇಕು, ಸುತ್ತಲೂ ಒಂದೇ ಆಳದಲ್ಲಿ ಕೂತಿರಬೇಕು.

ಎಲ್ಲವನ್ನೂ ಕೊಂಡೇ ತರಬೇಕಿಲ್ಲ, ಕೆಲವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ತಾಮ್ರದ ವಾಷರ್ ಒಮ್ಮೆ ಬಿಗಿಯಾದ ಮೇಲೆ ಗಡುಸಾಗುತ್ತದೆ, ಮತ್ತೆ ಹಾಕಿದರೆ ಆಯಿಲ್ ಸೋರುತ್ತದೆ. ಅದನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಒಲೆಯ ಉರಿಗೆ ಒಡ್ಡಿ, ಮಸುಕಾದ ಕೆಂಪಿಗೆ ತಿರುಗಿದ ಕೂಡಲೇ ನೀರಿಗೆ ಅದ್ದಬೇಕು. ಉಕ್ಕಾದರೆ ಹೀಗೆ ಮಾಡಿದರೆ ಗಟ್ಟಿಯಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. ಮೇಲಿನ ಕಪ್ಪನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿದರೆ ವಾಷರ್ ಹೊಸದರಂತೆ ಕೂರುತ್ತದೆ. ಕೇಸಿನ ಗ್ಯಾಸ್ಕೆಟ್ಟೂ ಹಾಗೆಯೇ. ಗ್ಯಾಸ್ಕೆಟ್ ಪೇಪರನ್ನು ಕೇಸಿನ ಮೇಲೆ ಹಾಸಿ, ಅಂಚಿನ ಮೇಲೆ ಗುಂಡು ತಲೆಯ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಟಪಟಪ ಬಡಿದರೆ ಕಾಗದ ಅಂಚಿಗೆ ತಾನೇ ಕತ್ತರಿಸಿಕೊಳ್ಳುತ್ತದೆ. ಕಾಗದದ ದಪ್ಪ ಮಾತ್ರ ಹಳೆಯದರಷ್ಟೇ ಇರಬೇಕು. ಸಿಲಿಂಡರಿನ ಬುಡದ ಗ್ಯಾಸ್ಕೆಟ್ ದಪ್ಪವಾದರೆ ಸಿಲಿಂಡರ್ ಅಷ್ಟು ಮೇಲೇರಿ, ಕಂಪ್ರೆಷನ್ ಇಳಿದು, ಪೋರ್ಟುಗಳು ತೆರೆಯುವ ಹೊತ್ತೇ ಬದಲಾಗುತ್ತದೆ.

ಮನೆಯಲ್ಲಿ ಮಾಡಬಾರದ ಕೆಲಸ ಕಾರ್ಬುರೇಟರ್ ಜೆಟ್ಟಿನದು. ಜಿಕಾವ್ ಕಾರ್ಬುರೇಟರಿನ ಹಿತ್ತಾಳೆ ಜೆಟ್ಟು ಕಟ್ಟಿಕೊಂಡಾಗ ಬ್ರೇಕ್ ಕೇಬಲಿನ ಒಂದೆಳೆ ತಂತಿ ತೂರಿಸಿ ತೆಗೆಯುವುದು ರಸ್ತೆಬದಿಯ ಹಳೇ ರೂಢಿ. ಹಿತ್ತಾಳೆಗಿಂತ ಉಕ್ಕು ಗಡುಸು. ಪ್ರತಿ ಸಲ ತೂರಿಸಿದಾಗಲೂ ರಂಧ್ರ ಒಂದಿಷ್ಟು ಅಗಲವಾಗುತ್ತದೆ. ನಲವತ್ತು ವರ್ಷ ಹಾಗೆ ನಡೆದುಬಂದ ಜೆಟ್ಟಿನ ಮೇಲೆ ಬರೆದ ಸಂಖ್ಯೆಗೆ ಅರ್ಥವೇ ಉಳಿದಿರುವುದಿಲ್ಲ. ಎಷ್ಟು ಟ್ಯೂನಿಂಗ್ ಮಾಡಿದರೂ ಗಾಡಿ ಪೆಟ್ರೋಲ್ ಕುಡಿಯುತ್ತದೆ ಎಂದರೆ ಮೊದಲು ಜೆಟ್ಟು ಬದಲಾಯಿಸಿ ನೋಡಬೇಕು. ಕಟ್ಟಿಕೊಂಡದ್ದನ್ನು ಬಿಡಿಸಲು ಕಂಪ್ರೆಸರಿನ ಗಾಳಿಯೇ ಸಾಕು.

ಪೆಟ್ರೋಲೇ ಈಗ ಬೇರೆಯಾಗಿದೆ. ಶೇ 20 ಎಥನಾಲ್ ಬೆರೆತ ಪೆಟ್ರೋಲು ಬಂಕಿನಲ್ಲಿ ಬರುತ್ತಿರುವ ಈ ಹೊತ್ತಿನಲ್ಲಿ ಅರವತ್ತರ ದಶಕದ ರಬ್ಬರು, ಕಾರ್ಕು ಬಾಳುವುದಿಲ್ಲ. ಕಾಕಿನ ವಾಷರ್ ಉಬ್ಬಿ ಲಿವರ್ ತಿರುಗುವುದಿಲ್ಲ, ಆಮೇಲೆ ಒಣಗಿ ಸೋರುತ್ತದೆ. ಎಥನಾಲ್ ನೀರು ಹೀರುವುದರಿಂದ ತಿಂಗಳುಗಟ್ಟಲೆ ನಿಂತ ಗಾಡಿಯ ಕಾರ್ಬುರೇಟರಿನಲ್ಲಿ ಬಿಳೀ ಪುಡಿ ಕಟ್ಟುತ್ತದೆ. ಹಳೇ ಸ್ಟಾಕಿನ ಒರಿಜಿನಲ್ ಎಂದು ದುಬಾರಿಗೆ ಮಾರುವ ರಬ್ಬರ್ ಸಾಮಾನನ್ನು ಕೊಳ್ಳಬೇಡಿ ಎಂದು ನಾನು ಹೇಳುವುದು ಇದಕ್ಕೇ. ಉಕ್ಕು, ಹಿತ್ತಾಳೆ ಮೂವತ್ತು ವರ್ಷ ಪೊಟ್ಟಣದಲ್ಲಿದ್ದರೂ ಕೆಡುವುದಿಲ್ಲ. ರಬ್ಬರ್ ಪೊಟ್ಟಣದಲ್ಲೇ ಸಾಯುತ್ತದೆ. ಅಳತೆ ಹೇಳಿ ಹೊಸ ವೈಟಾನ್ ಓ-ರಿಂಗ್ ತಂದುಕೊಳ್ಳುವುದು ಅಗ್ಗ, ಕ್ಷೇಮ ಕೂಡ.

ಹುಡುಕುವ ಜಾಗಗಳನ್ನು ಬಲ್ಲವರು ಬಲ್ಲರು. ಮೈಸೂರಿನ ಗುಜರಿ ಅಂಗಡಿಗಳಲ್ಲಿ ಅಳಿದುಳಿದ ಎಂಜಿನ್ನುಗಳು ಇನ್ನೂ ಆಗಾಗ ಬರುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರ, ನಟ್ಟು ಬೋಲ್ಟಿಗೆ ಎಸ್.ಪಿ. ರಸ್ತೆ, ಚೆನ್ನೈನ ಪುದುಪೇಟೆ, ದಿಲ್ಲಿಯ ಕರೋಲ್‌ಬಾಗ್ ಎಲ್ಲ ಈ ದಾರಿಯ ನಿಲ್ದಾಣಗಳು. ಜೆಕ್ ದೇಶದ ಸಣ್ಣ ತಯಾರಕರು ಜಾವಾ 353ರ ಬಿಡಿಭಾಗಗಳನ್ನು ಇವತ್ತೂ ಮಾಡುತ್ತಾರೆ. ಮೈಸೂರಿನ ಮೊದಲ ವರ್ಷಗಳ ಗಾಡಿಗಳಿಗೆ ಅವು ಹೊಂದುತ್ತವೆ. ನಮ್ಮಲ್ಲೇ ಬದಲಾವಣೆ ಕಂಡ ಯೆಜ್ಡಿಗೆ ಎಲ್ಲವೂ ಹೊಂದುವುದಿಲ್ಲ. ಗುಜರಿಯಲ್ಲಿ ಪೂರ್ತಿ ಎಂಜಿನ್ ಸಿಕ್ಕರೆ ಜನ ಕೇಸು, ಸಿಲಿಂಡರ್ ನೋಡಿ ಬೆಲೆ ಕಟ್ಟುತ್ತಾರೆ. ನಾನಾದರೆ ಅದರಲ್ಲಿ ಉಳಿದಿರುವ ಸ್ಕ್ರೂ, ಸ್ಪೇಸರ್, ಶಿಮ್ಮು, ಸ್ಪ್ರಿಂಗುಗಳನ್ನು ಎಣಿಸುತ್ತೇನೆ. ಅರ್ಧ ಮಿಲಿಮೀಟರ್ ದಪ್ಪದ ಒಂದು ಶಿಮ್ ಇಲ್ಲದೆ ಗೇರು ಜಾರುತ್ತದೆ, ಆ ಶಿಮ್ಮಿಗೆ ಯಾವ ಅಂಗಡಿಯಲ್ಲೂ ಪಾರ್ಟ್ ನಂಬರ್ ಇಲ್ಲ.

ಜಾವಾದ ಗೇರ್ ಲಿವರ್ರೇ ಕಿಕ್ಕರ್ರೂ ಹೌದು. ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಲಿವರ್ ಎಂಜಿನ್ ಸ್ಟಾರ್ಟ್ ಮಾಡುತ್ತದೆ. ಗೇರ್ ಹಾಕಲು ಕಾಲಿಟ್ಟಾಗ ಕ್ಲಚ್ ತಾನೇ ಬಿಡುವ ಏರ್ಪಾಡೂ ಅದರಲ್ಲಿದೆ. ಒಂದೇ ಶಾಫ್ಟಿನ ಸುತ್ತ ಮೂರು ಕೆಲಸ ಹೊಂದಿಸಿದ ಜೆಕ್ ಎಂಜಿನಿಯರುಗಳ ಜಾಣ್ಮೆಗೆ ತಲೆಬಾಗಬೇಕು. ಆದರೆ ಆ ಜಾಣ್ಮೆಯ ಹೊರೆ ಹೊತ್ತಿರುವುದು ಒಂದು ಸ್ಪ್ರಿಂಗು, ಒಂದು ಸಣ್ಣ ಕ್ಯಾಮ್, ಕೆಲವು ವಾಷರುಗಳು. ಯಾವ ವಾಷರ್ ಯಾವುದರ ಹಿಂದೆ, ಯಾವ ಮುಖ ಒಳಗೆ ಎನ್ನುವುದನ್ನು ಕಣ್ಣು ಮುಚ್ಚಿ ಹೇಳಬಲ್ಲವರು ಈ ಊರಿನಲ್ಲಿದ್ದಾರೆ. ಕಾರ್ಖಾನೆಯ ಅಸೆಂಬ್ಲಿಯಲ್ಲಿ ಕೆಲಸ ಮಾಡಿ, ಬಾಗಿಲು ಮುಚ್ಚಿದ ಮೇಲೆ ಸ್ವಂತ ಗ್ಯಾರೇಜು ಇಟ್ಟವರು, ಅವರ ಕೈಕೆಳಗೆ ಕಲಿತವರು. 1996ರಲ್ಲಿ ಮೂವತ್ತು ವರ್ಷದವರಾಗಿದ್ದವರಿಗೂ ಈಗ ಅರವತ್ತು ದಾಟುತ್ತಿದೆ. ಅವರು ‘ಇದು ಬಿ ಟೈಪ್ ಮಾಡೆಲಿಂದು, ರೋಡ್‌ಕಿಂಗಿಗೆ ಬರಲ್ಲ’ ಎಂದು ಬೆರಳಿನಲ್ಲಿ ಮುಟ್ಟಿಯೇ ಹೇಳುತ್ತಾರೆ. ಆ ಬೆರಳಿಗೆ ಗೊತ್ತಿರುವುದು ಎಷ್ಟೋ ಸಂದರ್ಭದಲ್ಲಿ ಕಾಗದದ ಮೇಲೆ ಇಲ್ಲ.

ಅದನ್ನು ಕಾಗದಕ್ಕೆ ಇಳಿಸುವುದು ಈ ಊರಿಗೆ ಕಷ್ಟದ ಕೆಲಸವಲ್ಲ. 1946ರಿಂದ ನಡೆದುಬಂದಿರುವ ಎನ್‌ಐಇ ಸೇರಿದಂತೆ ಎಂಜಿನಿಯರಿಂಗ್ ಕಾಲೇಜುಗಳಿವೆ, ಪಾಲಿಟೆಕ್ನಿಕ್ಕುಗಳಿವೆ, ಐಟಿಐಗಳಿವೆ. ಪ್ರತಿ ವರ್ಷ ನೂರಾರು ಹುಡುಗರು, ಹುಡುಗಿಯರು ಮೆಷಿನ್ ಡ್ರಾಯಿಂಗ್ ಕಲಿಯುತ್ತಾರೆ. ಪುಸ್ತಕದ ಫೂಟ್‌ಸ್ಟೆಪ್ ಬೇರಿಂಗಿನ ಜೊತೆಗೆ, ತಮ್ಮ ಊರಿನಲ್ಲೇ ತಯಾರಾದ ಎಂಜಿನ್ನಿನ ಒಂದು ಸ್ಪೇಸರನ್ನು ಮೈಕ್ರೊಮೀಟರಿನಲ್ಲಿ ಅಳೆದು, ಲೋಹದ ಜಾತಿ, ಗಡುಸುತನ, ಥ್ರೆಡ್ಡು ಎಲ್ಲ ಬರೆದು ನಕ್ಷೆ ಮಾಡಿದರೆ ಅದೂ ಪಾಠವೇ. ಪಕ್ಕದಲ್ಲಿ ಒಬ್ಬ ಹಳೇ ಮೇಸ್ತ್ರಿ ಕೂತು, ಇದು ಸವೆದದ್ದು, ಸವೆಯದ್ದು ಇಷ್ಟಿರಬೇಕು ಎಂದು ತಿದ್ದಬೇಕು. ಅದಕ್ಕೆ ಅವರಿಗೆ ಗೌರವಧನ ಸಲ್ಲಬೇಕು. ಬರಿಯ ಸನ್ಮಾನದ ಶಾಲು ಸಾಲದು. ಜುಲೈ ತಿಂಗಳ ಎರಡನೇ ಭಾನುವಾರ ಅಂತರರಾಷ್ಟ್ರೀಯ ಜಾವಾ ದಿನವೆಂದು ಸಾಲುಗಟ್ಟಿ ಗಾಡಿ ತೆಗೆಯುವ ಸವಾರರು ಆ ಖರ್ಚನ್ನು ಹಂಚಿಕೊಳ್ಳಬಲ್ಲರು.

ಬೇಡಿಕೆ ಇಳಿಯುವ ಸೂಚನೆಯಂತೂ ಇಲ್ಲ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ವಾಹನಕ್ಕೆ ವಿಂಟೇಜ್ ಎಂದು ‘ವಿಎ’ ಅಕ್ಷರವಿರುವ ಪ್ರತ್ಯೇಕ ನೋಂದಣಿ ಸಂಖ್ಯೆ ಸಿಗುತ್ತದೆ. ಯಾದವಗಿರಿಯ ಜಾವಾಗಳು ಆ ವಯಸ್ಸು ದಾಟಿಯಾಗಿದೆ. ಮೊದಲ ರೋಡ್‌ಕಿಂಗುಗಳು 2028ರಲ್ಲಿ ದಾಟುತ್ತವೆ, ಆಮೇಲೆ ವರ್ಷವರ್ಷವೂ ಒಂದಿಷ್ಟು ಸೇರುತ್ತಾ ಹೋಗುತ್ತವೆ. ಅಳತೆಯ ಕೆಲಸ ಯಾರಾದರೂ ಕೈಗೆತ್ತಿಕೊಂಡರೆ ಕ್ರ್ಯಾಂಕಿನ ಎರಡು ಸೀಲುಗಳಿಂದ ಶುರು ಮಾಡಲಿ, ಜಾವಾದ್ದು, ಬಿ ಟೈಪಿನದು, ರೋಡ್‌ಕಿಂಗಿನದು ಬೇರೆ ಬೇರೆಯಾಗಿ. ಆಮೇಲೆ ಸರ್ಕ್ಲಿಪ್ಪು, ಆಮೇಲೆ ಗೇರ್ ಶಾಫ್ಟಿನ ಶಿಮ್ಮುಗಳು. ಸೈಡ್ ಕವರಿನ ಸ್ಕ್ರೂಗಳು ಕೊನೆಗೆ ಬಂದರೂ ನಡೆಯುತ್ತದೆ. ಆದರೆ ಅವುಗಳ ಉದ್ದವನ್ನು ಒಂದೊಂದಾಗಿ ಬರೆಯಬೇಕು, ಯಾಕೆಂದರೆ ಒಂದೇ ಕವರಿನಲ್ಲಿ ಉದ್ದನೆಯದೂ ಗಿಡ್ಡನೆಯದೂ ಇರುತ್ತವೆ, ಗಿಡ್ಡನೆಯ ಜಾಗಕ್ಕೆ ಉದ್ದನೆಯದನ್ನು ಹಾಕಿ ಬಿಗಿದರೆ ಕೇಸು ಒಡೆಯುತ್ತದೆ.